ಹಳೇ ಕಾಂಟೆಸ್ಸಾ, ಹೊಸ ಆಟೊಮ್ಯಾಟಿಕ್: ನನ್ನ ಓಟು ಕಾಂಟೆಸ್ಸಾಗೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಹಿಂದೂಸ್ತಾನ್ ಮೋಟರ್ಸ್ ಕಂಪನಿಯ ಹಳೇ ಕಾರು ಕಾಂಟೆಸ್ಸಾನೇ ಇಷ್ಟ. ಇಸುಜು ಕಂಪನಿಯ 1.8 ಲೀಟರ್ ಪೆಟ್ರೋಲ್ ಎಂಜಿನ್ನಿನ ಹಳೇ ಗಾಡಿ ತಗೊಂಡು ಎರಡು ವರ್ಷವಾಯಿತು. ತಮ್ಮನ ಹತ್ತಿರ ಹೊಸ ಆಟೊಮ್ಯಾಟಿಕ್ ಎಸ್‌ಯುವಿ ಇದೆ. ಎರಡನ್ನೂ ಬೆಂಗಳೂರಿನೊಳಗೆ, ಮೈಸೂರು ದಾರಿಯಲ್ಲಿ ಬೇಕಾದಷ್ಟು ಓಡಿಸಿದ್ದೇನೆ.

ಕಾಂಟೆಸ್ಸಾನ ನಮ್ಮ ದೇಶದ ಮಸಲ್ ಕಾರು, ಅಂದರೆ ದೊಡ್ಡ ಎಂಜಿನ್ನಿನ ತಾಕತ್ತಿನ ಗಾಡಿ, ಅನ್ನುತ್ತಾರೆ. ಅಮೆರಿಕದ ಎಂಟು ಸಿಲಿಂಡರಿನ ವಿ8 ಗಾಡಿಗಳ ತಾಕತ್ತು ಇದಕ್ಕಿಲ್ಲ, ನಿಜ. ಇದರ ಮೂಲ ವಿನ್ಯಾಸ ಇಂಗ್ಲೆಂಡಿನ ಕಾರು ಕಂಪನಿ ವಾಕ್ಸ್‌ಹಾಲ್‌ನದು. 1984ರಲ್ಲಿ ಬಂದಾಗ ಒಳಗಿದ್ದದ್ದು ಅಂಬಾಸಿಡರ್‌ನ 1.5 ಲೀಟರ್ ಎಂಜಿನ್. ಆದರೆ ಆ ಉದ್ದ ಬಾನೆಟ್ ಹಿಂದೆ ಒಮ್ಮೆ ಕೂತು ನೋಡಿ. ಮೂರನೇ ಗೇರಿಗೆ ಇಳಿಸಿ ಕಾಲು ಒತ್ತಿದರೆ ಹಿಂದಿನ ಚಕ್ರ ತಳ್ಳುತ್ತದೆ, ಹಿಂಭಾಗ ಸ್ವಲ್ಪ ಕೂರುತ್ತದೆ, ಮೂತಿ ಏಳುತ್ತದೆ. ಎಂಬತ್ತರ ವೇಗದಲ್ಲೇ ಗಾಡಿ ಓಡಿಸಿದ ಹಾಗಾಗುತ್ತದೆ. ತಮ್ಮನ ಗಾಡಿಯಲ್ಲಿ ನೂರು ಮುಟ್ಟಿದ್ದು ಮೀಟರ್ ನೋಡಿದಾಗಲೇ ಗೊತ್ತಾಗೋದು.

ಈಗ ಆರು ತಿಂಗಳು ನನ್ನ ಜೀವ ಹಿಂಡಿದ ವಿಷಯ. ಹೈವೇಯಲ್ಲಿ ಟೆಂಪರೇಚರ್ ಮುಳ್ಳು ಮಧ್ಯದಲ್ಲಿ ಅಲ್ಲಾಡದೆ ನಿಲ್ಲುತ್ತಿತ್ತು. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಹತ್ತು ನಿಮಿಷ ನಿಂತರೆ ಸಾಕು, ಕೆಂಪು ಗೆರೆ ಕಡೆ ಹತ್ತುತ್ತಿತ್ತು. ಎಸಿ ಆಫ್ ಮಾಡಿ, ಕಿಟಕಿ ಇಳಿಸಿ, ಎಂಜಿನ್ನಿನ ಬಿಸಿ ಇಳಿಯಲಿ ಅಂತ ಬೇಸಿಗೆಯಲ್ಲಿ ಹೀಟರ್ ಹಾಕಿಕೊಂಡು ಕೂತಿದ್ದೇನೆ. ಎಂಜಿನ್ ತಣಿಸುವ ದ್ರವ ಕೂಲೆಂಟ್ ಕಾದ ಆ ಸಿಹಿ ವಾಸನೆ ಈಗಲೂ ಮೂಗಿನಲ್ಲಿದೆ.

ಆ ಕೂಲೆಂಟನ್ನು ಗಾಳಿಯಿಂದ ತಣಿಸುವ ರೇಡಿಯೇಟರಿನ ಕ್ಯಾಪ್ ಬದಲಾಯಿಸಿದೆ. ಥರ್ಮೋಸ್ಟಾಟ್ ಹೊಸದು ಹಾಕಿಸಿದೆ. ಒಂಬತ್ತು ಸಾವಿರ ಕೊಟ್ಟು ರೇಡಿಯೇಟರ್ ಕೋರ್ ಕೂಡ ಮಾಡಿಸಿದೆ. ಮುಳ್ಳು ಮಾತ್ರ ಹತ್ತುತ್ತಲೇ ಇತ್ತು. ಕೊನೆಗೆ ಜೆ.ಸಿ. ರಸ್ತೆ ಪಕ್ಕದ ಸಂದಿಯ ಹಿರಿಯ ಮೆಕ್ಯಾನಿಕ್ ಒಬ್ಬರು ಬಾನೆಟ್ ಎತ್ತಿ ಒಂದೇ ಮಾತು ಕೇಳಿದರು: "ಶ್ರೌಡ್ ಎಲ್ಲಿ ಸ್ವಾಮಿ?"

ಫ್ಯಾನಿನ ಸುತ್ತ ಇರುವ ಕವರು ಅದು. ಈ ಗಾಡಿಯ ಫ್ಯಾನ್ ತಿರುಗೋದು ಎಂಜಿನ್ ಬೆಲ್ಟಿನಿಂದ. ಗಾಡಿ ನಿಂತಾಗ ಎಂಜಿನ್ ನಿಧಾನ, ಫ್ಯಾನೂ ನಿಧಾನ. ಕವರು ಇಲ್ಲದಿದ್ದರೆ ಅದು ರೇಡಿಯೇಟರ್ ಮೂಲಕ ಗಾಳಿ ಎಳೆಯೋದು ಬಿಟ್ಟು, ಪಕ್ಕದ ಬಿಸಿ ಗಾಳಿಯನ್ನೇ ಸುತ್ತಿಸುತ್ತದೆ. ಹೈವೇಯಲ್ಲಿ ಎದುರು ಗಾಳಿಯೇ ಕೆಲಸ ಮಾಡಿಬಿಡುತ್ತದೆ, ಅದಕ್ಕೇ ಅಲ್ಲಿ ತೊಂದರೆ ಇರಲಿಲ್ಲ. ಹಿಂದೆ ಯಾವುದೋ ಗ್ಯಾರೇಜಿನವರು ಕೈ ಹಾಕಲು ಸುಲಭವಾಗಲಿ ಅಂತ ಕವರು ಬಿಚ್ಚಿ, ವಾಪಸ್ ಹಾಕಿಯೇ ಇರಲಿಲ್ಲ! ಹಳೇದು ಸಿಗಲಿಲ್ಲ, ಫೈಬರಿನಲ್ಲಿ ಅಳತೆ ಕೊಟ್ಟು ಮಾಡಿಸಿದೆ. ಅಂದಿನಿಂದ ಮುಳ್ಳು ಮಧ್ಯ ಬಿಟ್ಟಿಲ್ಲ.

ಹೊಸ ಗಾಡಿಯ ಎಲೆಕ್ಟ್ರಿಕ್ ಫ್ಯಾನಿಗೆ ಎಂಜಿನ್ ವೇಗದ ಹಂಗಿಲ್ಲ. ಟ್ರಾಫಿಕ್‌ನಲ್ಲಿ ಅದು ಗೆಲ್ಲುತ್ತದೆ, ಮಾತೇ ಇಲ್ಲ.

ಬ್ರೇಕ್ ಕೂಡ ಹೊಸದರದ್ದೇ ಮೇಲು. ಕಾಂಟೆಸ್ಸಾದಲ್ಲಿ ಮುಂದಿನ ಗಾಡಿಗೆ ಜಾಸ್ತಿ ಜಾಗ ಬಿಟ್ಟೇ ಹೋಗುತ್ತೇನೆ. ಮಳೆ ಬಂದರೆ, ಮಕ್ಕಳು ಜೊತೆಗಿದ್ದರೆ ತಮ್ಮನ ಕೀ ಕೇಳುತ್ತೇನೆ. ಏರ್‌ಬ್ಯಾಗ್ ವಿಷಯದಲ್ಲಿ ಪ್ರೀತಿ ನಡೆಯಲ್ಲ ಅಲ್ವಾ. ಮೈಲೇಜ್ ಸಿಟಿಯಲ್ಲಿ ನನ್ನದು ಎಂಟು, ಅವನದು ಹನ್ನೊಂದು.

ನಾನು ಆಫೀಸಿಗೆ ಹೋಗೋದು ನೇರಳೆ ಮಾರ್ಗದ ಮೆಟ್ರೊದಲ್ಲಿ. ಕಾರು ಬೇಕಾಗೋದು ಭಾನುವಾರ, ಬೆಳಗ್ಗೆ ಆರಕ್ಕೆ ಹೊರಟು ಮದ್ದೂರಿನಲ್ಲಿ ವಡೆ ತಿಂದು ಬರೋದಕ್ಕೆ. ಅದಕ್ಕೋಸ್ಕರ ತಿಂಗಳಿಗೆ ಇಪ್ಪತ್ತು ಸಾವಿರ ಇಎಂಐ ಕಟ್ಟಲು ನನಗೆ ಮನಸ್ಸಿಲ್ಲ. ಪೆಟ್ರೋಲ್, ರಿಪೇರಿ ಸೇರಿ ಅದಕ್ಕಿಂತ ಎಷ್ಟೋ ಕಡಿಮೆಯಲ್ಲಿ ಕಾಂಟೆಸ್ಸಾ ನಡೆಯುತ್ತದೆ. ದಿನಾ ಸಿಲ್ಕ್ ಬೋರ್ಡ್ ದಾಟುವವರು ಕಣ್ಣು ಮುಚ್ಚಿ ಆಟೊಮ್ಯಾಟಿಕ್ ತಗೊಳ್ಳಿ. ಹಳೇ ಗಾಡಿ ನೋಡಲು ಹೋಗುವವರು ಮಾತ್ರ, ಬಾನೆಟ್ ಎತ್ತಿದ ತಕ್ಷಣ ಶ್ರೌಡ್ ಇದೆಯಾ ನೋಡಿಕೊಳ್ಳಿ.