ಪೆಂಟಾಸ್, ಕರಿಬೇವು, ಕಳಿತ ಬಾಳೆಹಣ್ಣು: ಮುಂಬೈ ಬಾಲ್ಕನಿಗೆ ಚಿಟ್ಟೆ ಕರೆಯಲು ಯಾವುದು ವಾಸಿ?

ಮುಲುಂಡ್ ಪಶ್ಚಿಮದ ನಮ್ಮ ಬಿಲ್ಡಿಂಗಿನಲ್ಲಿ ಕನ್ನಡ, ತುಳು ಮಾತಾಡುವ ಮನೆಗಳು ಜಾಸ್ತಿ. ಅಂಥ ಮನೆಯ ಬಾಲ್ಕನಿಯಲ್ಲಿ ಒಂದು ಕರಿಬೇವಿನ ಕುಂಡ ಇದ್ದೇ ಇರುತ್ತದೆ. ಚಿಟ್ಟೆ ಬರಬೇಕಾದರೆ ಏನು ನೆಡಲಿ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಆ ಕುಂಡವನ್ನೇ ತೋರಿಸುತ್ತೇನೆ. ಹೂವಿನ ಹೆಸರು ಕೇಳಲು ಬಂದವರಿಗೆ ಸ್ವಲ್ಪ ನಿರಾಸೆ ಆಗುತ್ತದೆ. ಆದರೆ ಹೂವು, ಎಲೆ, ಹಣ್ಣು, ಸಕ್ಕರೆ ನೀರು ಎಲ್ಲವನ್ನೂ ಇಟ್ಟು ನೋಡಿದ ಮೇಲೆ ನನ್ನ ಮಾತು ಇದೇ: ಚಿಟ್ಟೆಗಿಂತ ಮೊದಲು ಅದರ ಹುಳುವಿಗೆ ಊಟ ಇಡಿ.

ಯಾಕೆ ಎಂದರೆ ಇಬ್ಬರ ಊಟವೂ ಬೇರೆ ಬೇರೆ. ಬೆಳೆದ ಚಿಟ್ಟೆಗೆ ಇರುವುದು ಸುರುಳಿ ಸುತ್ತಿದ ಒಂದು ನಳಿಕೆ. ಅದು ಅಗಿಯಲಾರದು, ಹೀರುತ್ತದೆ ಅಷ್ಟೇ. ಮಕರಂದ, ಹಣ್ಣಿನ ರಸ, ಕೆಸರಿನ ನೀರು ಅದರ ಆಹಾರ. ಹುಳು ಎಲೆ ಅಗಿಯುತ್ತದೆ, ಅದೂ ತನ್ನ ಜಾತಿಗೆ ಒಗ್ಗಿದ ಕೆಲವೇ ಗಿಡಗಳ ಎಲೆ. ತಾಯಿ ಚಿಟ್ಟೆ ಎಲೆಯ ಮೇಲೆ ಕೂತು ಕಾಲಿನಿಂದ ತಟ್ಟಿ ರುಚಿ ನೋಡುತ್ತದೆ. ಸರಿಯಾದ ಗಿಡ ಎಂದು ಖಾತ್ರಿಯಾದರೆ ಮಾತ್ರ ಮೊಟ್ಟೆ. ನೀವು ಎಷ್ಟೇ ಚಂದದ ಹೂವು ಬೆಳೆಸಿ, ಮೊಟ್ಟೆ ಇಡಲು ಜಾಗ ಇಲ್ಲದಿದ್ದರೆ ಅದು ಹೀರಿ ಹೊರಟೇ ಹೋಗುತ್ತದೆ.

ಹೂವಿನ ಗಿಡಗಳಲ್ಲಿ ನಾನು ಅಕ್ಕಪಕ್ಕ ಇಟ್ಟು ನೋಡಿದ್ದು ಪೆಂಟಾಸ್, ಕೇಪಳ ಮತ್ತು ಲಂಟಾನ. ಬಾಲ್ಕನಿಗೆ ಪೆಂಟಾಸ್ ಗೆದ್ದಿತು. ಸಣ್ಣ ಕುಂಡದಲ್ಲೂ ಬದುಕುತ್ತದೆ, ಒಣಗಿದ ಗೊಂಚಲು ಚಿವುಟುತ್ತಿದ್ದರೆ ವರ್ಷದ ಬಹುಭಾಗ ಹೂ ಬಿಡುತ್ತದೆ. ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು ಮಾತ್ರ ಬೇಕೇ ಬೇಕು. ಕೇಪಳದ ಹೂವಿನ ಕೊಳವೆ ಉದ್ದ, ಸಪೂರ. ಮಕರಂದ ಅದರ ತಳದಲ್ಲಿ ಇರುತ್ತದೆ. ಹಾಗಾಗಿ ಉದ್ದ ನಳಿಕೆಯ ದೊಡ್ಡ ಚಿಟ್ಟೆಗಳಿಗೆ ಅದು ಹಬ್ಬ, ಸಣ್ಣವಕ್ಕೆ ಎಟುಕುವುದಿಲ್ಲ. ಕೆಳಗೆ ಕಾಂಪೌಂಡಿನ ಕೇಪಳಕ್ಕೆ ಬ್ಲೂ ಮಾರ್ಮನ್ ಬಂದಾಗ ಲಿಫ್ಟಿಗೆ ಕಾಯುತ್ತಿದ್ದವರೂ ಹೊರಗೆ ಬಂದು ನೋಡುತ್ತಾರೆ. ಕಪ್ಪು ರೆಕ್ಕೆಯ ಮೇಲೆ ಆ ತಿಳಿನೀಲಿ! 2015ರಲ್ಲಿ ಮಹಾರಾಷ್ಟ್ರ ಅದನ್ನು ರಾಜ್ಯದ ಚಿಟ್ಟೆ ಎಂದು ಘೋಷಿಸಿತು.

ಲಂಟಾನಕ್ಕೆ ಬರುವ ಚಿಟ್ಟೆಗಳು ಕಡಿಮೆ ಅಲ್ಲ, ಅದನ್ನು ಒಪ್ಪುತ್ತೇನೆ. ಆದರೂ ನಾನು ಅದನ್ನು ಶಿಫಾರಸು ಮಾಡುವುದಿಲ್ಲ. ಅಮೆರಿಕ ಖಂಡದಿಂದ ಅಲಂಕಾರಕ್ಕೆ ಬಂದ ಈ ಗಿಡ ನಮ್ಮ ಕಾಡುಗಳಲ್ಲಿ ಪೊದೆಪೊದೆಯಾಗಿ ಹಬ್ಬಿ ಊರಿನ ಗಿಡಗಳ ಜಾಗ ತಿಂದಿದೆ. ಹಕ್ಕಿಗಳು ಹಣ್ಣು ತಿಂದು ಬೀಜ ಹರಡುತ್ತವೆ. ನಮ್ಮ ಬೆನ್ನಿಗೇ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡಗಳಿವೆ. ಅಲ್ಲಿಗೆ ನಮ್ಮ ಕುಂಡದಿಂದ ಬೀಜ ಹೋಗಬೇಕಾ?

ಇನ್ನು ಕರಿಬೇವು ಮತ್ತು ನಿಂಬೆ. ನಿಜವಾದ ಪೈಪೋಟಿ ಇವೆರಡರ ನಡುವೆಯೇ. ಎರಡೂ ಒಂದೇ ಕುಟುಂಬದ ಗಿಡಗಳು. ಅದಕ್ಕೇ ನಿಂಬೆ ಚಿಟ್ಟೆ ಮತ್ತು ಕಾಮನ್ ಮಾರ್ಮನ್ ಎರಡೂ ಈ ಗಿಡಗಳನ್ನು ಹುಡುಕಿಕೊಂಡು ಬರುತ್ತವೆ. ನಮ್ಮಲ್ಲಿ ನಿಂಬೆ ಚಿಟ್ಟೆ ನಿಂಬೆ ಗಿಡಕ್ಕೇ ಹೆಚ್ಚು ಒಲಿಯಿತು, ಮಾರ್ಮನ್ ಕರಿಬೇವಿಗೆ. ಎಳೆ ಚಿಗುರಿನ ಮೇಲೆ ತಿಳಿಹಳದಿ ಬಣ್ಣದ, ಗುಂಡಗಿನ ಒಂದೊಂದೇ ಮೊಟ್ಟೆ. ಹೊರಬಂದ ಮರಿಹುಳು ನೋಡಲು ಹಕ್ಕಿಯ ಹಿಕ್ಕೆಯ ಹಾಗೇ ಇರುತ್ತದೆ, ಹಕ್ಕಿಗಳು ಮೋಸ ಹೋಗಲಿ ಎಂದೇ. ದೊಡ್ಡದಾದಾಗ ಎಲೆಯಂಥ ಹಸಿರು. ಆಗ ಬೆರಳಲ್ಲಿ ಮೆಲ್ಲಗೆ ಮುಟ್ಟಿ ನೋಡಿ: ತಲೆಯ ಹಿಂದಿನಿಂದ ಕವಲೊಡೆದ ಕೊಂಬಿನಂಥದ್ದು ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ಮಕ್ಕಳಿಗೆ ಇದು ಒಮ್ಮೆ ತೋರಿಸಿದರೆ ಮತ್ತೆ ದಿನಾ ಬಾಲ್ಕನಿಗೆ ಓಡುತ್ತಾರೆ. ಮೊಟ್ಟೆಯಿಂದ ಚಿಟ್ಟೆಯವರೆಗೆ ಬೆಚ್ಚಗಿನ ದಿನಗಳಲ್ಲಿ ಸುಮಾರು ಒಂದು ತಿಂಗಳು.

ಕುಂಡದಲ್ಲಿ ಯಾವುದು ವಾಸಿ? ನನ್ನ ಮಟ್ಟಿಗೆ ಕರಿಬೇವು, ಸಂಶಯವೇ ಇಲ್ಲ. ಬೋಳಾದ ಕರಿಬೇವು ಬೇಗ ಚಿಗುರುತ್ತದೆ. ನಿಂಬೆ ನಿಧಾನ, ಸಣ್ಣ ಗಿಡವಾದರೆ ಸೊರಗಿಯೇ ಹೋಗುತ್ತದೆ. ಮುಳ್ಳು ಬೇರೆ. ನೆಲ ಇದ್ದವರು ಮಾತ್ರ ನಿಂಬೆ, ಚಕ್ಕೋತ ನೆಡಲಿ. ಕರಿಬೇವಿನ ತುದಿ ಆಗಾಗ ಚಿವುಟಬೇಕು. ಹೊಸ ಚಿಗುರು ಬಂದರೇ ಮರಿಹುಳುವಿಗೆ ಮೆತ್ತನೆ ಎಲೆ ಸಿಗುವುದು.

ಮನೆಯಲ್ಲಿ ಜಗಳ ಬರುವುದೂ ಇಲ್ಲೇ. ಸಾರಿನ ಒಗ್ಗರಣೆಗೆ ಅಂತ ಬೆಳೆಸಿದ ಗಿಡವನ್ನು ಹುಳು ಬೋಳು ಮಾಡಿದರೆ ಯಾವ ಅಮ್ಮ ಸುಮ್ನಿರುತ್ತಾರೆ? ನಾವು ಎರಡು ಕುಂಡ ಇಟ್ಟೆವು. ಒಂದು ಅಡುಗೆಮನೆಗೆ, ಅದಕ್ಕೆ ಸೊಳ್ಳೆಪರದೆಯ ತುಂಡು ಹೊದಿಸಿದ್ದೇವೆ. ಇನ್ನೊಂದು ಪೂರ್ತಿ ಹುಳುಗಳಿಗೆ. ಕೊನೆಯ ಹಂತದ ಹುಳು ತಿನ್ನುವ ವೇಗ ನೋಡಿದರೆ ಗಾಬರಿ ಆಗುತ್ತದೆ, ಹೆದರಬೇಡಿ. ಎಲೆ ಸಾಲದಿದ್ದರೆ ಪಕ್ಕದ ಮನೆಯ ಗಿಡದಿಂದ ಕೇಳಿ ತಂದರಾಯಿತು. ಮಾರ್ಕೆಟಿನ ಕರಿಬೇವು ಮಾತ್ರ ಬೇಡ, ಅದಕ್ಕೆ ಔಷಧಿ ಹೊಡೆದಿರುವ ಸಾಧ್ಯತೆ ಜಾಸ್ತಿ.

ಬಿಸಿಲು ಕಡಿಮೆ, ಜಾಗವೂ ಕಡಿಮೆ ಎನ್ನುವವರಿಗೆ ಕಾಡುಬಸಳೆ. ಎಲೆ ಮಣ್ಣಿಗೆ ಬಿದ್ದರೆ ಅಂಚಿನಿಂದಲೇ ಮರಿಗಿಡ ಹುಟ್ಟುವ ಗಿಡ ಅದು. ಅದಕ್ಕೆ ಬರುವುದು ರೆಡ್ ಪಿಯರಾಟ್. ಮುಚ್ಚಿದ ರೆಕ್ಕೆ ಬಿಳಿ, ಅದರ ಮೇಲೆ ಕಪ್ಪು ಚುಕ್ಕೆ, ಅಂಚಿಗೆ ಕಿತ್ತಳೆಯ ದಪ್ಪ ಪಟ್ಟಿ. ಹುಳು ಎಲೆಯ ಒಳಗೇ ಸುರಂಗ ಕೊರೆದು ತಿನ್ನುತ್ತದೆ, ಹೊರಗಿನಿಂದ ಬೆಳ್ಳಗಿನ ಮಚ್ಚೆ ಮಾತ್ರ ಕಾಣುತ್ತದೆ. ರೋಗ ಬಂದಿದೆ ಎಂದು ಆ ಎಲೆ ಕಿತ್ತು ಎಸೆಯಬೇಡಿ. ಈ ಚಿಟ್ಟೆ ದೂರ ಹಾರುವುದಲ್ಲ, ಗಿಡದ ಆಸುಪಾಸಿನಲ್ಲೇ ತೇಲುತ್ತಿರುತ್ತದೆ. ದಿನಾ ಚಿಟ್ಟೆ ಕಾಣಬೇಕು ಎನ್ನುವವರಿಗೆ ಕರಿಬೇವಿಗಿಂತಲೂ ಇದೇ ಒಳ್ಳೆಯದು ಎಂದರೂ ತಪ್ಪಿಲ್ಲ.

ಎಕ್ಕ ಮತ್ತು ಮಿಲ್ಕ್‌ವೀಡ್ ವಿಷಯ ಬೇಗ ಹೇಳಿ ಮುಗಿಸಬಹುದು. ಎರಡಕ್ಕೂ ಪ್ಲೇನ್ ಟೈಗರ್ ಬರುತ್ತದೆ. ಎಕ್ಕದ ಬೇರು ಆಳಕ್ಕೆ ಇಳಿಯುತ್ತದೆ, ಕುಂಡ ಅದಕ್ಕೆ ಒಗ್ಗುವುದಿಲ್ಲ. ಹಾಗಾಗಿ ಸೊಸೈಟಿಯ ಗೋಡೆ ಪಕ್ಕ ನೆಟ್ಟೆವು. ಶನಿವಾರ ಮಾರುತಿಗೆ ರುಯಿ (ಎಕ್ಕದ ಮರಾಠಿ ಹೆಸರು) ಎಲೆಯ ಹಾರ ಹಾಕುವ ಮರಾಠಿ ನೆರೆಯವರು ಅದನ್ನು ನಮಗಿಂತ ಹೆಚ್ಚು ಜತನ ಮಾಡುತ್ತಾರೆ! ಕೆಂಪು, ಹಳದಿ ಹೂವಿನ ಮಿಲ್ಕ್‌ವೀಡ್ ಕುಂಡಕ್ಕೆ ಸರಿ, ಅದರ ಹೂವಿಗೂ ಚಿಟ್ಟೆ ಬರುತ್ತದೆ. ಹಳದಿ ಹೇನು ಹತ್ತಿದರೆ ನೀರು ಚಿಮ್ಮಿಸಿ ತೊಳೆದರೆ ಸಾಕು. ಎರಡರ ಹಾಲೂ ಕಣ್ಣಿಗೆ ಅಪಾಯ, ಮಕ್ಕಳಿರುವ ಮನೆಯಲ್ಲಿ ಜೋಪಾನ.

ಹಣ್ಣಿನ ತಟ್ಟೆ? ಮೇಲಿನ ಮಹಡಿಯ ಬಾಲ್ಕನಿಯಲ್ಲಿ ಅದು ಇರುವೆ, ನುಸಿಗಳನ್ನು ಕರೆಯಿತು ಅಷ್ಟೇ. ಅದೇ ಕಳಿತ ಬಾಳೆಹಣ್ಣು, ಅನಾನಸ್ ಸಿಪ್ಪೆಯನ್ನು ಕೆಳಗೆ ಮಾವಿನ ಮರದ ನೆರಳಲ್ಲಿ ಇಟ್ಟಾಗ ಕಾಮನ್ ಬ್ಯಾರನ್ ಬಂದಿತು. ಅದರ ಹುಳು ಮಾವಿನ ಎಲೆ ತಿನ್ನುತ್ತದೆ, ಹಾಗಾಗಿ ಮರದ ಹತ್ತಿರವೇ ಇತ್ತು. ಮುಸ್ಸಂಜೆಗೆ ಈವ್ನಿಂಗ್ ಬ್ರೌನ್ ಕೂಡ ಬರುತ್ತದೆ. ಹೂವಿಗಿಂತ ಹಣ್ಣಿನ ರಸವೇ ಹಿತ ಎನ್ನುವ ಜಾತಿಗಳು ಇವು. ಹುಳಿ ವಾಸನೆ ಬಂದ ಹಣ್ಣೇ ಇವಕ್ಕೆ ಬೇಕು. ಇಲಿ ಬಾರದ ಹಾಗೆ ತಟ್ಟೆಯನ್ನು ಕೊಂಬೆಗೆ ತೂಗುಹಾಕಿ, ಎರಡು ದಿನಕ್ಕೊಮ್ಮೆ ಬದಲಿಸಿ.

ಸ್ಪಂಜಿನಲ್ಲಿ ಸಕ್ಕರೆ ನೀರು ಇಡಿ ಎಂದು ಬಹಳ ಜನ ಹೇಳುತ್ತಾರೆ. ನಾನು ಬೇಡ ಎನ್ನುತ್ತೇನೆ. ನಮ್ಮ ಸೆಕೆಗೆ ಅದು ಬೇಗ ಹುಳಿಯುತ್ತದೆ, ಚಿಟ್ಟೆಗಿಂತ ಮೊದಲು ಇರುವೆ ಬರುತ್ತದೆ. ಅದರ ಬದಲು ಅಗಲವಾದ ತಟ್ಟೆಯಲ್ಲಿ ಮಣ್ಣು, ಒಂದು ಚಿಟಿಕೆ ಉಪ್ಪು ಹಾಕಿ ಒದ್ದೆಯಾಗಿ ಇಡಿ. ಗಂಡು ಚಿಟ್ಟೆಗಳು ಒದ್ದೆ ಮಣ್ಣಿಂದ ಲವಣ ಹೀರುತ್ತವೆ, ಕೂಡುವಾಗ ಅದರ ಪಾಲು ಹೆಣ್ಣಿಗೂ ಹೋಗುತ್ತದೆ. ಗುಡ್ಡದ ತೊರೆಯ ಬದಿಯಲ್ಲಿ ಗುಂಪುಗುಂಪಾಗಿ ಕೂರುವುದು ಇದಕ್ಕೇ. ಬಾಲ್ಕನಿಯಲ್ಲಿ ಅಪರೂಪಕ್ಕೆ ಒಂದೆರಡು ಬರುತ್ತವೆ.

ಗಿಡ ಕೊಳ್ಳುವ ಮೊದಲು ಠಾಣೆಯ ಘೋಡಬಂದರ್ ರಸ್ತೆಯ ಕಡೆಗಿರುವ ಓವಳೇಕರ್ ವಾಡಿ ಚಿಟ್ಟೆ ತೋಟಕ್ಕೆ ಒಮ್ಮೆ ಹೋಗಿ ಬನ್ನಿ. ಹುಳುವಿನ ಗಿಡ, ಹೂವಿನ ಗಿಡ ಎರಡನ್ನೂ ಒಟ್ಟಿಗೆ ಬೆಳೆಸಿದ ತೋಟ ಅದು. ಮಳೆ ಕಡಿಮೆಯಾಗುವ ಸೆಪ್ಟೆಂಬರಿನಿಂದ ನೋಡಲು ಒಳ್ಳೆಯ ಕಾಲ.

ನರ್ಸರಿಯಿಂದ ತಂದ ಗಿಡವನ್ನು ಚೆನ್ನಾಗಿ ತೊಳೆದು ಕೆಲವು ವಾರ ಬೇರೆ ಇಡಿ, ಹೊಸ ಚಿಗುರು ಬಂದ ಮೇಲೆ ಚಿಟ್ಟೆಗೆ ಬಿಡಿ. ಬೇವಿನ ಎಣ್ಣೆಯೂ ಬೇಡ, ಅದು ಹುಳುವಿಗೆ ವಿಷವೇ. ಮಳೆಗಾಲದಲ್ಲಿ ಸೊಳ್ಳೆಗೆ ಹೊಗೆ ಹಾಕಲು ಬರುತ್ತಾರಲ್ಲ, ಆ ದಿನವನ್ನು ಸೊಸೈಟಿಯ ಸೆಕ್ರೆಟರಿಯಿಂದ ಮೊದಲೇ ಕೇಳಿ ತಿಳಿದುಕೊಳ್ಳಿ. ನಾವು ಅಂದು ಹುಳು ಇರುವ ಕುಂಡಗಳನ್ನು ಒಳಗೆ ತಂದು ಕಿಟಕಿ ಮುಚ್ಚುತ್ತೇವೆ. ಎಕ್ಕವನ್ನು ಒಳಗೆ ತರಲಾಗದು. ಅದರ ಹುಳುಗಳನ್ನು ಎಲೆಸಮೇತ ಡಬ್ಬಿಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಮರುದಿನ ತೊಳೆದ ಗಿಡಕ್ಕೆ ವಾಪಸ್ ಬಿಡುತ್ತೇವೆ.