ನೀಲಿ ಪ್ರಿಂಟಿಗೆ ನೊಣದ ಮೆಷಿನ್ ಟ್ಯೂಬೇ ಸಾಕು

ಸಯನೋಟೈಪ್ ಅಂದರೆ ರಾಸಾಯನಿಕ ಬಳಿದ ಕಾಗದದ ಮೇಲೆ ನೆಗೆಟಿವ್ ಇಟ್ಟು, ಗಾಜಿನ ಫ್ರೇಮಿನಲ್ಲಿ ಒತ್ತಿ, ಬಿಸಿಲಿನ ಯುವಿ (ನೇರಳಾತೀತ) ಬೆಳಕಿನಲ್ಲಿ ತೆಗೆಯುವ ನೀಲಿ ಫೋಟೋ ಪ್ರಿಂಟು. ಮಾರ್ಚ್‌ನಲ್ಲಿ ನಮ್ಮ ಟೆರೇಸ್ ಮೇಲೆ 8 ನಿಮಿಷಕ್ಕೆ ಆಗುತ್ತಿದ್ದ ಅದು ಜುಲೈನಲ್ಲಿ ಅರ್ಧ ಗಂಟೆ ಇಟ್ಟರೂ ಮಬ್ಬು ಮಬ್ಬು. ಬೆಂಗಳೂರಿನ ಮೋಡ ಗೊತ್ತಲ್ಲ, ಫ್ರೇಮ್ ಹೊರಗಿಟ್ಟ ಕೂಡಲೇ ಬರುತ್ತದೆ. ಸಾಕಾಗಿ ಎಸ್‌ಪಿ ರೋಡಿಗೆ ಹೋಗಿ 50 ವಾಟಿನ ಯುವಿ ಎಲ್‌ಇಡಿ ಫ್ಲಡ್ ಲೈಟ್ ತಂದೆ.

ಡಬ್ಬದ ಮೇಲೆ ಬೆಳಕಿನ ತರಂಗಾಂತರ 365 ನ್ಯಾನೋಮೀಟರ್ ಅಂತ ದಪ್ಪಕ್ಷರದಲ್ಲಿತ್ತು. ಹಚ್ಚಿದರೆ ರೂಮೆಲ್ಲ ನೇರಳೆ, ಆರ್ಕೆಸ್ಟ್ರಾ ಸ್ಟೇಜ್ ತರ. ನಿಜವಾದ 365 ಕಣ್ಣಿಗೆ ಅಷ್ಟು ಕಾಣುವುದೇ ಇಲ್ಲ, ಮಂಕು ಬಿಳಿನೀಲಿ ಅಷ್ಟೇ. ಇಷ್ಟು ಢಾಳಾಗಿ ಕಂಡರೆ ಅದು 395ರ ಆಸುಪಾಸಿನದು. ಅದರಲ್ಲೂ ಸಯನೋಟೈಪ್ ಆಗುತ್ತದೆ ಬಿಡಿ, ಸುಳ್ಳು ಹೇಳಿದ್ದಕ್ಕೆ ಮಾತ್ರ ಸಿಟ್ಟು. ನಿಜವಾದ ತಲೆನೋವು ಬೇರೆ. ಒಂದಡಿ ಎತ್ತರದಲ್ಲಿ ನೇತುಹಾಕಿದರೆ ನಡುವೆ ಕಡುನೀಲಿ, ಮೂಲೆಗಳೆಲ್ಲ ಪೇಲವ. ಮೇಲಕ್ಕೆತ್ತಿದರೆ ಸಮ ಆಗುತ್ತದೆ, ಆದರೆ ಎತ್ತರ ಎರಡು ಪಟ್ಟಾದರೆ ಬೆಳಕು ಹೆಚ್ಚುಕಮ್ಮಿ ಕಾಲು ಭಾಗಕ್ಕೆ ಇಳಿಯುತ್ತದೆ, ಕಾಯುತ್ತಾ ಕೂರಬೇಕು. ಬಿಸಿಲಿಗೆ ಅಂತ ಹದ ಮಾಡಿಟ್ಟಿದ್ದ ಓಎಚ್‌ಪಿ ಶೀಟಿನ (ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ) ನೆಗೆಟಿವ್‌ಗಳೂ ಕೈಕೊಟ್ಟವು. ಇಂಕ್ ಎಲ್ಲ ಯುವಿಯನ್ನೂ ಒಂದೇ ಸಮ ತಡೆಯುವುದಿಲ್ಲ, ಲೈಟ್ ಬದಲಾದರೆ ಎಷ್ಟು ನಿಮಿಷ ಬೇಕು ಅಂತ ಚೂರು ಕಾಗದದಲ್ಲಿ ನೋಡುವ ಟೆಸ್ಟ್ ಸ್ಟ್ರಿಪ್ ಮತ್ತೆ ಮೊದಲಿಂದ.

ಆಮೇಲೆ ಒಂದು ದಿನ ದರ್ಶಿನಿಯಲ್ಲಿ ಕೈ ತೊಳೆಯುವಾಗ ತಲೆ ಮೇಲೆ ನೊಣ ಹಿಡಿಯುವ ಮೆಷಿನ್ ನೀಲಿಯಾಗಿ ಉರಿಯುತ್ತಿತ್ತು. ಅರೆ, ಇದೂ 365ರ ಹತ್ತಿರದ್ದೇ ಅಲ್ವಾ! ಅದಕ್ಕೆ ಹಾಕುವ ಒಂದೂವರೆ ಅಡಿಯ 15 ವಾಟ್ ಟ್ಯೂಬ್ 6 ತಂದೆ. ಪ್ಲೈವುಡ್ ಪೆಟ್ಟಿಗೆಗೆ ಒಳಗೆಲ್ಲ ಬಿಳಿ ಬಣ್ಣ, ಟ್ಯೂಬ್ ನಡುವೆ ಒಂದು ಟ್ಯೂಬಿನಷ್ಟೇ ಸಂದು, ಕಾಗದ 3 ಇಂಚು ಕೆಳಗೆ. ವೈರಿಂಗ್ ಪಕ್ಕದ ಬೀದಿಯ ಎಲೆಕ್ಟ್ರಿಷಿಯನ್ ಮಾಡಿಕೊಟ್ಟರು. 5 ನಿಮಿಷ ಮೊದಲೇ ಹಚ್ಚಿಟ್ಟು ಆಮೇಲೆ ಫ್ರೇಮ್ ಒಳಗಿಟ್ಟರೆ 8x10 ಇಂಚಿನ ಪ್ರಿಂಟು 14 ನಿಮಿಷಕ್ಕೆ ಮೂಲೆಯಿಂದ ಮೂಲೆಗೆ ಒಂದೇ ನೀಲಿ. ಇದೇ ತರ ಯುವಿಯಲ್ಲಿ ತೆಗೆಯುವ ವ್ಯಾನ್‌ಡೈಕ್ ಕಂದು ಪ್ರಿಂಟೂ ಸಲೀಸಾಗಿ ಬಂತು. ಒಂದೇ ಕೊರತೆ, ನಾಲ್ಕೂ ಕಡೆಯಿಂದ ಬೆಳಕು ಬೀಳುವುದರಿಂದ ಗಾಜು ಸರಿಯಾಗಿ ಒತ್ತಿರಬೇಕು, ಇಲ್ಲದಿದ್ದರೆ ಗೆರೆಗಳು ಮೊಂಡಾಗುತ್ತವೆ. ಈ ವಿಷಯದಲ್ಲಿ ಆ ಫ್ಲಡ್ ಲೈಟೇ ವಾಸಿ.

ಕೊಳ್ಳುವಾಗ ಸುಮ್ನೆ ಯುವಿ ಟ್ಯೂಬ್ ಕೊಡಿ ಅನ್ನಬೇಡಿ. ನನಗೆ ಒಬ್ಬರು ನೀರಿನ ಫಿಲ್ಟರಿಗೆ ಹಾಕುವ, ಸಾದಾ ಗಾಜಿನಂತೆ ಕಾಣುವ ಟ್ಯೂಬ್ ತೆಗೆದುಕೊಟ್ಟಿದ್ದರು. ಅದು ರೋಗಾಣು ಕೊಲ್ಲುವ 254 ನ್ಯಾನೋಮೀಟರಿನದು. ಕಣ್ಣು, ಚರ್ಮ ಎರಡನ್ನೂ ಸುಡುತ್ತದೆ, ಫ್ರೇಮಿನ ಗಾಜನ್ನೂ ದಾಟುವುದಿಲ್ಲ. ನಮಗೆ ಬೇಕಾದ ನೊಣದ ಮೆಷಿನ್ನಿನದಾದರೆ ಉರಿದಾಗ ಟ್ಯೂಬಿನ ಮೈಯೆಲ್ಲ ತಿಳಿನೀಲಿ ಪುಡಿ ಬಳಿದಂತೆ ಕಾಣಬೇಕು. ಹಾಗಂತ ಇದನ್ನೂ ದಿಟ್ಟಿಸಿ ನೋಡಬೇಡಿ, ನಾನು ಪೆಟ್ಟಿಗೆಯ ಬಾಯಿಗೆ ಕಪ್ಪು ಬಟ್ಟೆ ಇಳಿಬಿಟ್ಟಿದ್ದೇನೆ.

ಮತ್ತೆ, ರಾತ್ರಿ ಕೆಲಸ ಮಾಡುವುದಾದರೆ ಕಿಟಕಿ ಹಾಕಿಕೊಳ್ಳಿ. ಇವು ಹುಳ ಕರೆಯೋಕೆ ಅಂತಲೇ ಮಾಡಿದ ಟ್ಯೂಬುಗಳು. ನನ್ನ ಅಜ್ಜಿ ಮನೆಯ ಪ್ರಿಂಟೊಂದರಲ್ಲಿ ಜಗಲಿ ಮೇಲೆ ಒಂದು ಚಿಟ್ಟೆಯ ನೆರಳು ಖಾಯಂ ಆಗಿ ಕೂತಿದೆ.