ಮಲೆನಾಡಿನ ಗೋಡೆಗೆ ಸುಣ್ಣವೋ, ಎಮಲ್ಷನ್ನೋ?

ಶಿವಮೊಗ್ಗ ಪೇಟೆಯ ಒಣ ಗೋಡೆಯಾದರೆ ಹೆಚ್ಚು ಯೋಚಿಸಬೇಕಿಲ್ಲ, ಎಮಲ್ಷನ್ (ಒಣಗಿದರೆ ಪ್ಲಾಸ್ಟಿಕ್‌ನಂಥ ಪೊರೆಯಾಗುವ ನೀರಿನ ಪೇಂಟು) ಹೊಡೆಸಿ. ಮಕ್ಕಳು ಗೀಚಿದರೂ ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಡಿಸ್ಟೆಂಪರ್ (ಸೀಮೆಸುಣ್ಣದ ಪುಡಿಯ ನೀರುಬಣ್ಣ) ಅಗ್ಗ, ಆದರೆ ತಿಕ್ಕಿದರೆ ಬಣ್ಣವೇ ಬರುತ್ತದೆ. ಬಾಡಿಗೆ ಮನೆಗೆ ಸಾಕು.

ಆಗುಂಬೆ, ಹೊಸನಗರದ ಕಡೆ ಲೆಕ್ಕವೇ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಳೇ ಮಣ್ಣಿನ ಗೋಡೆ, ಜಂಬಿಟ್ಟಿಗೆ ಗೋಡೆ ನೀರು ಕುಡಿದು ಕೂತಿರುತ್ತವೆ. ಎಮಲ್ಷನ್ ಪೊರೆಯಂತೆ ಕೂರುವುದರಿಂದ ಒಳಗಿನ ತೇವ ಅದನ್ನು ದೂಡಿ ಗುಳ್ಳೆ ಏಳಿಸುತ್ತದೆ, ಹಪ್ಪಳದಂತೆ ಸುಲಿಯುತ್ತದೆ. ಸುಣ್ಣ ಗೋಡೆಯನ್ನು ಉಸಿರಾಡಲು ಬಿಡುತ್ತದೆ. ಅದರ ಕ್ಷಾರಕ್ಕೆ ಬೂಷ್ಟು ಸುಲಭವಾಗಿ ಹತ್ತುವುದಿಲ್ಲ. ಒರಗಿದರೆ ಅಂಗಿಗೆ ಬಿಳಿ ಮೆತ್ತುತ್ತದೆ, ನಿಜ. ಕಲಸುವಾಗ ಸ್ವಲ್ಪ ಅಂಟು ಸೇರಿಸಿದರೆ ಕಡಿಮೆಯಾಗುತ್ತದೆ. ತೆಳುವಾಗಿ ಎರಡು ಮೂರು ಕೋಟು ಬೇಕು. ಕಣ್ಣಿಗೆ ಹಾರದಂತೆ ಜೋಪಾನ.

ಈಗಾಗಲೇ ಎಮಲ್ಷನ್ ಇರುವ ಗೋಡೆಗೆ ಸುಣ್ಣ ಹಿಡಿಯದು, ಮೊದಲು ಕೆರೆಯಬೇಕು. ಹೊಸ ಸಿಮೆಂಟ್ ಗಾರೆಯಾದರೆ ಕನಿಷ್ಠ 28 ದಿನ ಕಾಯಿರಿ.

ನನ್ನ ಆಯ್ಕೆ: ಹಳೇ ತೊಟ್ಟಿಮನೆಗೆ ಸುಣ್ಣವೇ, ಸೋರದ ಆರ್‌ಸಿಸಿ ಮನೆಗೆ ಎಮಲ್ಷನ್. ಯಾವುದೇ ಇರಲಿ, ಕೆಲಸ ಫೆಬ್ರವರಿ-ಮಾರ್ಚಲ್ಲಿ ಮುಗಿಸಿ. ಹೆಂಚು ಒಡೆದಿದ್ದರೆ ಅದು ಮೊದಲು.